ದುರ್ಗದ ಬೆಟ್ಟದ ಬುಡದಲ್ಲೂ ಒಂದು ಪಡಸಾಲೆ ಬೇಕು

ನಾನು ಚಿತ್ರದುರ್ಗದವನು. ಪುಣೆಗೆ ಬಂದು 11 ವರ್ಷ ಆಯಿತು. ನಮ್ಮೂರ ಪಕ್ಕ ಹಾದುಹೋಗುವ ಹೈವೇನೇ ಇಲ್ಲಿಗೂ ಬರುತ್ತದೆ. ಅಲ್ಲೂ ಕೋಟೆ, ಇಲ್ಲೂ ಕೋಟೆ. ಆದರೆ ಬೆಟ್ಟ ಹತ್ತಲು ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದರಲ್ಲಿ ತುಂಬಾ ವ್ಯತ್ಯಾಸ ಇದೆ.

ಇಲ್ಲಿ ರಾಜಗಡ ಕೋಟೆಗೆ ಹೋದವರು ಮೊದಲೆಲ್ಲ ಮೇಲಿನ ಪದ್ಮಾವತಿ ಗುಡಿಯಲ್ಲೇ ಚಾಪೆ ಹಾಸುತ್ತಿದ್ದರು. ಹರಿಹರ ಗಡಕ್ಕೆ ಹೋದಾಗ (ದಾವಣಗೆರೆ ಪಕ್ಕದ ನಮ್ಮ ಹರಿಹರ ಅಲ್ಲ, ನಾಸಿಕ್ ಜಿಲ್ಲೆಯದು) ನಾವು ಬುಡದ ಹಳ್ಳಿಯ ಒಂದು ಮನೆಯಲ್ಲಿ ಉಳಿದೆವು. ಸಗಣಿ ಸಾರಿಸಿದ ನೆಲ, ಗೋಡೆಗೆ ಒರಗಿಸಿದ ಭತ್ತದ ಚೀಲ, ತಲೆ ಹತ್ತಿರವೇ ಮೇಕೆ ಮರಿಗಳು. 250 ರೂಪಾಯಿಗೆ ಪಿಠಲ (ಕಡಲೆಹಿಟ್ಟಿನ ಪಲ್ಯ), ಭಾಕರಿ (ರೊಟ್ಟಿ), ಒಂದು ಕಂಬಳಿ. ಊಟ ಆದ ಮೇಲೆ ನಾಲ್ಕು ಊರಿನ ಹುಡುಗರು ಒಂದೇ ದೀಪದ ಸುತ್ತ ಕೂತು ಯಾವ ಗಡದಲ್ಲಿ ನೀರು ಸಿಗುತ್ತದೆ, ಎಲ್ಲಿ ಪಾಚಿ ಜಾಸ್ತಿ ಅಂತೆಲ್ಲ ಮಾತಾಡಿಕೊಂಡೆವು. ಮನೆಯ ಆಜಿ ಒಂದೇ ಮಾತು ಹೇಳಿದಳು: "ಇಳಿಯುವಾಗ ಬಂಡೆ ಕಡೆ ಮುಖ ಮಾಡು, ಗೂಡಿನಿಂದ ಕೈ ಬಿಡಬೇಡ." ಅಲ್ಲಿನ ಮೆಟ್ಟಿಲು ಏಣಿಯಷ್ಟು ಕಡಿದಾಗಿವೆ. ಎರಡೂ ಬದಿಗೆ ಕೈ ಹಿಡಿಯಲು ಬಂಡೆಯಲ್ಲೇ ಗೂಡು ಕೊರೆದಿದ್ದಾರೆ. ಬೆಳಿಗ್ಗೆ ಅವಳ ಮಾತು ಎಷ್ಟು ಕೆಲಸಕ್ಕೆ ಬಂತು ಅಂತ ನನಗೆ ಗೊತ್ತು.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಭಾನುವಾರ ಅದೇ ಮೆಟ್ಟಿಲ ಮೇಲೆ ಹತ್ತುವವರೂ ಇಳಿಯುವವರೂ ಸಿಕ್ಕಿಕೊಂಡು ನಿಲ್ಲುತ್ತಾರೆ, ನೋಡಿದರೇ ಭಯ ಆಗುತ್ತದೆ.

ಹೋದ ದಸರಾ ರಜೆಗೆ ಪುಣೆಯ ಮೂವರು ಗೆಳೆಯರನ್ನು ದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಲಾಡ್ಜ್. ಕಿಟಕಿ ತೆಗೆದರೆ ಪಕ್ಕದ ಗೋಡೆ. ಎಲ್ಲರೂ ಬಾಗಿಲು ಹಾಕಿಕೊಂಡು ಟಿವಿ ನೋಡುವವರೇ. ಕೋಟೆ ಮೇಲಿನ ತುಪ್ಪದ ಕೊಳಕ್ಕೆ ಹೇಗೆ ಹತ್ತಬೇಕು ಅಂತ ಕೌಂಟರಿನಲ್ಲಿ ಕೇಳಿದರೆ, "ಕೋಟೆ ಗೇಟಲ್ಲಿ ಕೇಳಿ ಸಾರ್" ಅಂದರು.

ಮಾರನೇ ದಿನ ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಏಕನಾಥೇಶ್ವರಿ ಗುಡಿ ಎಲ್ಲ ಆಯಿತು. ತುಪ್ಪದ ಕೊಳದ ಬಂಡೆಗೆ ಬಂದಾಗ ಗೆಳೆಯರು ನಿಂತುಬಿಟ್ಟರು. ಅಲ್ಲಿ ಮೆಟ್ಟಿಲು ಅಂದರೆ ಪಾದ ಊರುವಷ್ಟು ಕೊರೆದ ಗುಳಿ ಅಷ್ಟೇ, ಲಕ್ಷಾಂತರ ಕಾಲು ತುಳಿದು ನುಣ್ಣಗಾಗಿದೆ. ಬರಿಗಾಲಲ್ಲಿ ಇಳಿದು ಬರುತ್ತಿದ್ದ ಒಬ್ಬ ಹುಡುಗ, "ಅಣ್ಣಾ, ಬೂಟು ಬಿಚ್ರಿ. ಪಾದ ಅಡ್ಡ ಇಡ್ರಿ, ನೆಟ್ಟಗೆ ಇಟ್ರೆ ಜಾರುತ್ತೆ" ಅಂದ. ಹಾಗೇ ಹತ್ತಿದೆವು. ಮೇಲೆ ಗಾಳಿ, ಕೆಳಗೆ ಇಡೀ ಊರು, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು.

ಆ ಹುಡುಗನ ಮಾತು ನಮಗೆ ಹಿಂದಿನ ರಾತ್ರಿಯೇ ಊಟದ ಹೊತ್ತಲ್ಲಿ ಸಿಗಬೇಕಿತ್ತು, ಅಲ್ವಾ? ಕೋಟೆಯೊಳಗೆ ಮಲಗಿಸಿ ಅಂತ ನಾನು ಕೇಳುತ್ತಿಲ್ಲ. ಅದು ಸಂರಕ್ಷಿತ ಸ್ಮಾರಕ, ಸಂಜೆ ಗೇಟು ಹಾಕುವುದೇ ಸರಿ. ಪಕ್ಕದ ಜೋಗಿಮಟ್ಟಿ ಕಾಡಿಗೂ ಅದರದೇ ನಿಯಮ ಇದೆ. ಆದರೆ ಬುಡದಲ್ಲಿ ಎಷ್ಟೊಂದು ಮನೆಗಳಿವೆ! ಅರ್ಧ ದಿನ ನೋಡಿ ಹಂಪಿಗೆ ಹೊರಟುಬಿಡುವವರು ಒಂದು ರಾತ್ರಿ ಉಳಿದರೆ ಚಂದ್ರವಳ್ಳಿ ಗುಹೆಗಳನ್ನೂ ನೋಡುತ್ತಾರೆ, ಮುದ್ದೆ ಊಟವನ್ನೂ ಮಾಡುತ್ತಾರೆ.

ಕೋಟೆ ಹತ್ತಿರವೇ ಇರುವ ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದೆ. ಅವರ ತವರು ನಾಯಕನಹಟ್ಟಿ. "ಹಟ್ಟಿ ಜಾತ್ರೆಗೆ ಬಂದೋರ್ನ ನಮ್ಮ ಪಡಸಾಲೇಲಿ ಮಲಗಿಸ್ಕೊಂಡಿಲ್ವೇನೋ? ಆದ್ರೆ ಉಂಡೋರತ್ರ ದುಡ್ಡು ಹೆಂಗಪ್ಪಾ ಇಸ್ಕೊಳ್ಳೋದು" ಅಂದರು. ಹರಿಹರ ಗಡದ ಆಜಿಯ ವಿಷಯ ಹೇಳಿದೆ, 250 ರೂಪಾಯಿಯದ್ದೂ ಹೇಳಿದೆ. ಇನ್ನೂ ಒಪ್ಪಿಲ್ಲ. ಜನವರಿಗೆ ಆರು ಜನ ಬರುತ್ತೇವೆ, ಪಡಸಾಲೆ ಖಾಲಿ ಮಾಡಿಡಿ ಅಂದಿದ್ದಕ್ಕೆ ಮಾತ್ರ ಹೂಂ ಅಂದಿದ್ದಾರೆ.