ಸ್ವಲ್ಪ ಏರು, ಸ್ವಲ್ಪ ಒದ್ದೆ

ಜಲ್ಲಿಯ ಮೇಲೆ ಓಡಿಸುವುದಕ್ಕೆಂದೇ ತಯಾರಾದ ಸೈಕಲ್ ಒಂದನ್ನು ಕೊಂಡಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇಂಗ್ಲೆಂಡಿನಲ್ಲಿಯೂ ಟಾರು ಹಾಕಿಲ್ಲವೇನೋ?"

ಅವಳದೇನೂ ತಪ್ಪಿಲ್ಲ. ನಮ್ಮ ಮನೆಯ ಮುಂದೆ ಜಲ್ಲಿ ಸುರಿದ ಗುತ್ತಿಗೆದಾರ ಟಾರು ತರುತ್ತೇನೆಂದು ಹೋದವನು ಎರಡು ಮಳೆಗಾಲ ಕಳೆದರೂ ತಿರುಗಿ ಬಂದಿರಲಿಲ್ಲ. ಆ ಎರಡು ವರ್ಷವೂ ಅಪ್ಪನ ಹಳೆಯ ಸೈಕಲ್ಲನ್ನು ಅದೇ ಜಲ್ಲಿಯ ಮೇಲೆ ತುಳಿದುಕೊಂಡು ಶಾಲೆಗೆ ಹೋಗಿದ್ದೇನೆ. ಎಡಮೊಣಕಾಲಿನಲ್ಲಿ ದಾಖಲೆ ಇದೆ. ಅದಕ್ಕೆ ಗ್ರಾವೆಲ್ ರೈಡಿಂಗ್ ಎನ್ನುತ್ತಾರೆ, ಅದೊಂದು ದುಬಾರಿ ಹವ್ಯಾಸ ಎಂದು ಆಗ ಯಾರೂ ಹೇಳಲಿಲ್ಲ. ಈಗ ಡರ್ಬಿಯಲ್ಲಿ ಬಾಡಿಗೆ ಮನೆ ಹಿಡಿದು, ಮನೆಯ ಮುಂದಿನ ನುಣುಪಾದ ರಸ್ತೆಯನ್ನು ಬಿಟ್ಟು, ಜಲ್ಲಿ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕುತ್ತಿದ್ದೇನೆ.

ದಾರಿ ಹೇಳಿಕೊಟ್ಟವನು ಕಚೇರಿಯ ಹಿರಿಯ ಸಹೋದ್ಯೋಗಿ. ಅರುವತ್ತರ ಹತ್ತಿರದ ಮನುಷ್ಯ, ಹುಣಸೆ ಬರಲಿನಂತೆ ಸಣ್ಣಗೆ, ಗಟ್ಟಿಯಾಗಿ ಇದ್ದಾನೆ. ಡರ್ಬಿಶೈರಿನ ವೈ ನದಿಯ ಕಣಿವೆಯಲ್ಲಿ ಸಾಗಿ, ಗುಡ್ಡ ಹತ್ತಿ, ಮತ್ತೆ ಬೇಕ್‌ವೆಲ್ ಊರಿಗೆ ಇಳಿಯುವ ಒಂದು ಸುತ್ತನ್ನು ಕಾಗದದ ಮೇಲೆ ಗೀಚಿ, "ಸ್ವಲ್ಪ ಏರು ಇದೆ, ಸ್ವಲ್ಪ ಒದ್ದೆ ಇರಬಹುದು" ಎಂದ. "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎನ್ನುತ್ತಲೇ ಮೂವರ ಸೀಟಿನಲ್ಲಿ ಐವರು ಕೂರುವ ನಾಡಿನಿಂದ ಬಂದವನು ನಾನು. ಆ ಪದದೊಳಗೆ ಎಷ್ಟು ಹಿಡಿಸುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು.

ಮೊದಲ ಹದಿಮೂರೂವರೆ ಕಿಲೋಮೀಟರ್ ಸ್ವರ್ಗವೇ. ಅದರ ಹೆಸರು ಮಾನ್ಸಲ್ ಟ್ರೇಲ್. ಹಿಂದೆ ರೈಲು ಓಡುತ್ತಿದ್ದ ದಾರಿ. 1968ರಲ್ಲಿ ರೈಲು ನಿಂತಿತು, ಹಳಿ ಕಿತ್ತರು, ಜಲ್ಲಿಪುಡಿಯ ಹಾದಿ ಉಳಿಯಿತು. ಉಗಿಬಂಡಿಗೆ ಏದುಸಿರು ಬರಬಾರದೆಂದು ಅಂದಿನ ಎಂಜಿನಿಯರುಗಳು ಏರನ್ನೆಲ್ಲ ಸವರಿ, ಅಡ್ಡ ಬಂದ ಗುಡ್ಡಗಳಿಗೆ ಸುರಂಗ ಕೊರೆದಿದ್ದರು. ಅದರ ಫಲವನ್ನು ಈಗ ನನ್ನಂಥವರ ಮಂಡಿಗಳು ಉಣ್ಣುತ್ತಿವೆ. ವರ್ಷಗಟ್ಟಲೆ ಮುಚ್ಚಿದ್ದ ಸುರಂಗಗಳನ್ನು 2011ರಲ್ಲಿ ತೆರೆದರು. ಒಂದೊಂದು ದೊಡ್ಡ ಸುರಂಗವೂ ಸುಮಾರು ನಾನೂರು ಮೀಟರ್. ಒಳಗೆ ಮಂದ ದೀಪ, ಶ್ರಾವಣದ ಚಳಿ, ಮೇಲಿನಿಂದ ತೊಟ್ಟಿಕ್ಕುವ ನೀರು. ಒಂದು ಹನಿ ನನ್ನ ಹೆಲ್ಮೆಟ್ಟಿನ ತೂತನ್ನೇ ಹುಡುಕಿಕೊಂಡು ಬಂದು ನಡುನೆತ್ತಿಗೆ ಬಿತ್ತು. ನಾನು "ಅಯ್ಯೋ" ಎಂದದ್ದು ಸುರಂಗದ ಆ ತುದಿಯವರೆಗೆ ಹೋಗಿ ವಾಪಸು ಬಂತು. ಅಷ್ಟರಲ್ಲಿ ಆರು ವರ್ಷದ ಹುಡುಗನೊಬ್ಬ ಗಂಟೆ ಬಾರಿಸಿ, ಕ್ಷಮೆ ಕೇಳಿ, ನನ್ನನ್ನು ಹಿಂದೆ ಹಾಕಿದ.

ಸುರಂಗ ದಾಟಿದರೆ ಹೆಡ್‌ಸ್ಟೋನ್ ಸೇತುವೆ. ನದಿಯ ತಿರುವಿನ ಮೇಲೆ ಐದು ಕಮಾನುಗಳಲ್ಲಿ ನಿಂತಿರುವ ಅದನ್ನು ಈಗ ಜನ ಮೇಲಿನ ಗುಡ್ಡದಿಂದ ಸಾಲುಗಟ್ಟಿ ಫೋಟೊ ತೆಗೆಯುತ್ತಾರೆ. ಕಟ್ಟಿದ ಕಾಲದಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ ಅದನ್ನು ಕಂಡು ಉರಿದುಬಿದ್ದಿದ್ದ. ಇಷ್ಟು ಚೆಂದದ ಕಣಿವೆಯನ್ನು ಹಾಳುಮಾಡಿ ಸಾಧಿಸಿದ್ದಾದರೂ ಏನು, ಪಕ್ಕದ ಊರಾದ ಬಕ್ಸ್‌ಟನ್ನಿನ ಮೂರ್ಖರೆಲ್ಲ ಅರ್ಧ ಗಂಟೆಯಲ್ಲಿ ಬೇಕ್‌ವೆಲ್‌ಗೆ, ಬೇಕ್‌ವೆಲ್ಲಿನ ಮೂರ್ಖರೆಲ್ಲ ಬಕ್ಸ್‌ಟನ್ನಿಗೆ ಹೋಗಬಹುದು ಅಷ್ಟೇ ಎಂದು ಬರೆದ. ನಾನು ಸೇತುವೆಯ ಮೇಲೆ ನಿಂತು, ನಗುತ್ತಾ, ಎರಡು ಚಕ್ಕುಲಿ ತಿಂದೆ. ಆಗ ನಗಬಾರದಿತ್ತು.

ಟ್ರೇಲ್ ಮುಗಿಯುವುದು ಬ್ಲಾಕ್‌ವೆಲ್ ಮಿಲ್ ಬಳಿ, ನದಿಯ ಮಗ್ಗುಲಲ್ಲಿ. ಅಲ್ಲಿಂದ ಪೆನ್ನೈನ್ ಬ್ರಿಡಲ್‌ವೇ ಹಿಡಿದು ಚೆಲ್ಮಾರ್ಟನ್ ಕಡೆಗೆ ಹತ್ತಬೇಕು. ಬ್ರಿಡಲ್‌ವೇ ಎಂದರೆ ಮೂಲತಃ ಕುದುರೆಯ ದಾರಿ. ಅಂಥ ದಾರಿಯಲ್ಲಿ ಸೈಕಲ್ಲಿನವರೂ ಹೋಗಬಹುದು ಎಂದು ಕಾನೂನು ಮಾಡಿದ್ದು ಕೂಡ 1968ರಲ್ಲಿಯೇ. ಆದರೆ ಕಾಲ್ನಡಿಗೆಯವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಆ ಕಾನೂನನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಯಾರೂ ಇರಲಾರರು. ಸಹೋದ್ಯೋಗಿಯ "ಸ್ವಲ್ಪ ಏರು" ಎದುರಿಗೆ ಗೋಡೆಯಂತೆ ನಿಂತಿತ್ತು. ನಾನು ಸೈಕಲ್ಲನ್ನು ತಳ್ಳುತ್ತಾ ಎಲ್ಲರಿಗೂ ದಾರಿ ಬಿಟ್ಟೆ. ಕುದುರೆಗಳಿಗೆ ಬಿಟ್ಟೆ, ಎರಡು ಕುರಿಗಳಿಗೆ ಬಿಟ್ಟೆ. ಕೋಲೂರಿಕೊಂಡು ಬಂದ ಒಬ್ಬ ಅಜ್ಜಿಗೆ ಎರಡು ಸಲ ಬಿಟ್ಟೆ. ನಡುವೆ ಆಕೆ ಬಂಡೆಯ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಕುಡಿದು ಮುಗಿಸಿದ್ದಳು.

ಮೇಲೆ ಹತ್ತಿದ ಮೇಲೆ ಇನ್ನೊಂದು ಪಜೀತಿ. ಈ ದೇಶದ ಹೊಲಗದ್ದೆಗಳ ಕಂಬಗಳಲ್ಲಿ ಬಣ್ಣದ ಬಾಣಗಳಿರುತ್ತವೆ. ಹಳದಿ ಬಾಣ ನಡೆಯುವವರಿಗೆ ಮಾತ್ರ. ನೀಲಿ ಬಾಣವಾದರೆ ಕುದುರೆ, ಸೈಕಲ್ಲುಗಳೂ ಹೋಗಬಹುದು. ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಮೋಡದ ದಿನಕ್ಕೆ ಒಳ್ಳೆಯದು ಎಂದು ಅಂಗಡಿಯವನು ನನ್ನ ಮೂಗಿಗೆ ಏರಿಸಿದ್ದ ಕನ್ನಡಕದ ಗಾಜು ಹಳದಿ. ಅದರಲ್ಲಿ ಕುರಿಯೂ ಹಳದಿ, ಕಂಬವೂ ಹಳದಿ, ಆಕಾಶವೂ ಹಳದಿ. ಬಾಣವೊಂದೇ ಹಳದಿ ಎಂದು ನಾನು ಹೇಗೆ ಅನುಮಾನಿಸಲಿ? ಆ ಬಾಣ ಹೇಳಿದಂತೆ ಹೋದೆ, ಒಂದು ಕಲ್ಲುಗೋಡೆಯ ಮುಂದೆ ನಿಂತೆ.

ಗೋಡೆಯಲ್ಲಿ ಎರಡು ಚಪ್ಪಡಿಗಳನ್ನು ನೆಟ್ಟು ನಡುವೆ ಒಂದು ಸಂದು ಬಿಟ್ಟಿದ್ದರು. ಮನುಷ್ಯ ಹೋಗಬೇಕು, ಕುರಿ ಹೋಗಬಾರದು, ಅಂಥ ಅಳತೆ. ನೂರಾರು ಜನರ ತೊಡೆಗಳು ಉಜ್ಜಿ ಕಲ್ಲು ಸಾಲಿಗ್ರಾಮದಂತೆ ನಯವಾಗಿತ್ತು. ಮುಂದಿನ ಚಕ್ರ ಹೋಯಿತು, ಹ್ಯಾಂಡಲ್ ಹೋಗಲಿಲ್ಲ. ಹ್ಯಾಂಡಲ್ ತಿರುಗಿಸಿ ನುಗ್ಗಿಸಿದೆ. ಅದು ಹೋಯಿತು, ಪೆಡಲ್ ಸಿಕ್ಕಿಕೊಂಡಿತು. ಒರಳಿಗೆ ತಲೆ ಕೊಟ್ಟಾಗಿದೆ ಎಂದು ಹಿಂದಿನಿಂದ ಬಲವಾಗಿ ತಳ್ಳಿದೆ. ಈಗ ಸೈಕಲ್ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ಗೋಡೆಯ ಆಚೆ ನಾಯಿಯೊಂದಿಗೆ ಒಬ್ಬರು ಬಂದು ನಿಂತರು. ನಮ್ಮಲ್ಲಾದರೆ "ಕಣ್ಣು ಕಾಣುವುದಿಲ್ಲವೇನ್ರೀ?" ಎಂದು ಕೇಳಿ ವಿಷಯ ಮುಗಿಸುತ್ತಿದ್ದರು. ಇವರು ಹವಾಮಾನ ವಿಚಾರಿಸಿದರು, ಸೈಕಲ್ಲಿನ ಬಣ್ಣ ಹೊಗಳಿದರು, ಆಮೇಲೆ ಬಹಳ ಸಂಕೋಚದಿಂದ, "ನೀವು ಸ್ವಲ್ಪ ದಾರಿ ತಪ್ಪಿರಬಹುದೇನೋ ಎಂದು ನನಗೊಂದು ಅನುಮಾನ" ಎಂದರು. ಇಬ್ಬರೂ ಸೇರಿ ಎಳೆದೆವು. ನಾಯಿ ಪಕ್ಕದಲ್ಲಿ ಕುಳಿತು ನೋಡಿತು.

ಆಮೇಲೆ ಮಳೆ. ಈ ಸೀಮೆಗೆ ವೈಟ್ ಪೀಕ್ ಎಂಬ ಹೆಸರು ಬಂದದ್ದೇ ಸುಣ್ಣಕಲ್ಲಿನಿಂದ. ಗುಡ್ಡದ ಮೇಲಿನ ಹೈ ಪೀಕ್ ಟ್ರೇಲ್ ಕೂಡ ಹಳೆಯ ರೈಲು ದಾರಿಯೇ. ಅದಕ್ಕೆ ಹಾಸಿದ ಪುಡಿ ಮಳೆಗೆ ಕದಡಿ, ಮಡಕೆಯಲ್ಲಿ ಕಲಸಿದ ಸುಣ್ಣದ ತಿಳಿಯಂತೆ ಆಗುತ್ತದೆ. ಜಲ್ಲಿ ಸೈಕಲ್ಲಿಗೆ ಮಡ್‌ಗಾರ್ಡ್ ಶೋಭಿಸುವುದಿಲ್ಲ ಎಂದು ನಾನೇ ಬಿಚ್ಚಿಟ್ಟಿದ್ದೆ. ಹಿಂದಿನ ಚಕ್ರ ಆ ತಿಳಿಯನ್ನು ಎತ್ತಿ ಎತ್ತಿ ಸೊಂಟದಿಂದ ಕುತ್ತಿಗೆಯವರೆಗೆ ನೇರವಾಗಿ ಒಂದು ಬಿಳಿಯ ಗೆರೆ ಎಳೆಯಿತು. ಅಳಿಲಿಗಾದರೆ ರಾಮನೇ ಬೆನ್ನು ಸವರಿದ್ದ, ಅದೂ ಸೇತುವೆಗೆ ಮರಳು ಹೊತ್ತ ಪುಣ್ಯಕ್ಕೆ. ನಾನು ಸೇತುವೆಯ ಮೇಲೆ ಚಕ್ಕುಲಿ ತಿಂದವನು.

ಇನ್ನು ಇಳಿಜಾರು ಮಾತ್ರ ಎಂದುಕೊಳ್ಳುವಷ್ಟರಲ್ಲಿ ಕಿರುದಾರಿಯಲ್ಲಿ ಹಿಂದಿನ ಚಕ್ರ ಬುಸ್ಸೆಂದಿತು. ಹಕ್ಕಿಗಳು ಗೂಡು ಕಟ್ಟುತ್ತವೆಂದು ಇಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಬೇಲಿ ಕತ್ತರಿಸುವಂತಿಲ್ಲ. ಒಳ್ಳೆಯ ನಿಯಮ, ನನಗೆ ಹಕ್ಕಿಗಳ ಮೇಲೆ ದ್ವೇಷವಿಲ್ಲ. ಆದರೆ ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರುಗಳು ಹಾಥಾರ್ನ್ ಬೇಲಿಯನ್ನು ಸೀಳಿ ಬಿಸಾಡುತ್ತಾ ಹೋಗುತ್ತವೆ. ಅದರ ಮುಳ್ಳು ನಮ್ಮ ಕಾರೆಮುಳ್ಳಿನ ದಾಯಾದಿ. ನನ್ನದು ಟ್ಯೂಬ್ ಇಲ್ಲದ ಟೈರು. ಒಳಗೆ ಹಾಲಿನಂಥ ದ್ರವ ಇರುತ್ತದೆ, ತೂತು ಬಿದ್ದರೆ ತಾನೇ ಹೋಗಿ ಮುಚ್ಚುತ್ತದೆ ಎಂದು ಹೇಳಿ ಮಾರಿದ್ದರು. ನಾನು ಬಗ್ಗಿ, ಮುಳ್ಳನ್ನು ಉಗುರಿನಿಂದ ಕಿತ್ತೆ. ದ್ರವ ಹೊರಟದ್ದು ನಿಜ. ತೂತನ್ನು ಬಿಟ್ಟು ನೇರ ನನ್ನ ಹುಬ್ಬಿಗೆ. ಸಾಲದ್ದಕ್ಕೆ ಅಂಗೈ ಊರಿದ ಜಾಗದಲ್ಲಿ ತುರಿಚೆ ಗಿಡ ಇತ್ತು.

ಬಕ್ಸ್‌ಟನ್ನಿನ ಮೂರ್ಖ ರೈಲಿನಲ್ಲಿ ಅರ್ಧ ಗಂಟೆಗೆ ತಲುಪುತ್ತಿದ್ದ ಬೇಕ್‌ವೆಲ್ಲನ್ನು ನಾನು ಬ್ಲಾಕ್‌ವೆಲ್ ಮಿಲ್‌ನಿಂದ ಐದೂವರೆ ಗಂಟೆಯಲ್ಲಿ ತಲುಪಿದೆ, ಕೊನೆಯ ಮೂರು ಕಿಲೋಮೀಟರ್ ನಡೆದುಕೊಂಡು. ರಸ್ಕಿನ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದನೇನೋ, ಕೈ ಬಿಳಿಯಾಗುತ್ತಿತ್ತು. ಚಹಾ ಅಂಗಡಿಯಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಏನೂ ಹೇಳದೆ ಕುರ್ಚಿಯ ಮೇಲೆ ನಿನ್ನೆಯ ಪತ್ರಿಕೆ ಹಾಸಿ, ಬೆನ್ನಿಗೂ ಒಂದು ಹಾಳೆ ಇಳಿಬಿಟ್ಟಳು. ಬೇಕ್‌ವೆಲ್ ಟಾರ್ಟ್ ಕೊಡಿ ಎಂದೆ. ಆಗ ಮಾತ್ರ ಅವಳ ಮುಖ ಬಿಗಿಯಿತು. "ಈ ಊರಿನದು ಪುಡಿಂಗ್" ಎಂದಳು. ಬಾದಾಮಿ, ಮೊಟ್ಟೆ, ಕೆಳಗೆ ಹಣ್ಣಿನ ಜ್ಯಾಮ್. ಎರಡು ತಿಂದೆ.

ಮನೆಗೆ ಬಂದು ಬಾಗಿಲಲ್ಲಿ ಸೈಕಲ್ ಒರಸುತ್ತಿದ್ದಾಗ ಅಮ್ಮನ ವಿಡಿಯೊ ಕರೆ. ಹೆಂಡತಿ ಫೋನನ್ನು ನನ್ನ ಬೆನ್ನ ಕಡೆಗೇ ತಿರುಗಿಸಿ ಹಿಡಿದಳು. ಬೇಕೆಂದೇ ಹಿಡಿದಳು ಎಂದು ನನ್ನ ನಂಬಿಕೆ. ಅಮ್ಮ ಕ್ಷಣ ಹೊತ್ತು ನೋಡಿದಳು. ದನಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ನಾನು ಕೇಳಿರದಷ್ಟು ಅಕ್ಕರೆ ತುಂಬಿಕೊಂಡು, "ನವರಾತ್ರಿಗೆ ಮನೆಗೆ ಸುಣ್ಣ ಹೊಡೆಯುತ್ತಿದ್ದೀಯೇನೋ?" ಎಂದಳು.

ಹೌದಮ್ಮ ಎಂದೆ.

"ಎಲ್ಲ ಆಯಿತೇ?"

"ಸ್ವಲ್ಪ ಉಳಿದಿದೆ."