ಟ್ಯಾಂಕ್ ಸೋರಲಿ, ಫೈಲ್ ಸೋರದಿರಲಿ

ಒತ್ತಡದಲ್ಲಿ ನೀರು ತುಂಬಿಡುವ ಹಳೇ ಪ್ರೆಷರ್ ಟ್ಯಾಂಕ್ ಇದ್ದಕ್ಕಿದ್ದಂತೆ ಮದುಮಗನ ಹಾಗೆ ಮಿಂಚುತ್ತಿದ್ದರೆ ತಪಾಸಣೆ ಹತ್ತಿರ ಬಂತು ಅಂತಲೇ ಲೆಕ್ಕ. ತುಕ್ಕಿಗೆ ಒಂದು ಕೋಟ್ ನೀಲಿ ಬಣ್ಣ, ಜಿನುಗುವ ಕಡೆ ಎರಡು ಕೋಟ್. ಆ ಭರದಲ್ಲಿ ನೇಮ್‌ಪ್ಲೇಟಿಗೂ ಒಂದು ಕೈ.

ಈ ಟ್ಯಾಂಕ್ ಎಷ್ಟು ಒತ್ತಡ ತಡೆಯುತ್ತದೆ, ಯಾವ ವರ್ಷ ತಯಾರಾಯಿತು, ಅದರ ನಂಬರ್ ಏನು ಎಲ್ಲಾ ಇರುವುದು ಆ ಪ್ಲೇಟಿನಲ್ಲೇ. ಅದು ಮುಚ್ಚಿಹೋದರೆ ಟ್ಯಾಂಕಿಗೆ ಗುರುತಿಲ್ಲ. ಗುರುತಿಲ್ಲದ್ದನ್ನು ಸರ್ಟಿಫಿಕೇಟ್ ಇರುವ ರಿಪೇರಿಯವರು ಮುಟ್ಟಲು ಹಿಂಜರಿಯುತ್ತಾರೆ. ಆದರೆ ಪಂಪ್ ಮಾತ್ರ ಗುರುತು ಕೇಳುವುದಿಲ್ಲ, ಸುಮ್ನೆ ನೀರು ತುಂಬುತ್ತಲೇ ಇರುತ್ತದೆ. ರಿಪೇರಿಗೆ ಲಾಯಕ್ಕಿಲ್ಲ, ಓಡಿಸಲು ಅಡ್ಡಿಯಿಲ್ಲ. ಎಂಥಾ ಜಾಣತನ ಅಲ್ವಾ!

ಪ್ಲೇಟ್ ಕಾಣುತ್ತಿದ್ದರೆ ಇನ್ನೊಂದು ಆಟ. ಸೂಜಿ ಮೊನೆಯಷ್ಟು ತೂತಿಗೆ ವೆಲ್ಡಿಂಗ್ ಹೇಗೆ ಎಂಬುದರ ಬರಹ, ವೆಲ್ಡರ್ ಪಾಸಾದ ಪರೀಕ್ಷೆಯ ದಾಖಲೆ, ಇನ್‌ಸ್ಪೆಕ್ಟರ್ ಒಪ್ಪಿಗೆ, ಒತ್ತಡದ ಪರೀಕ್ಷೆ, ಕೊನೆಗೆ ಫಾರಂ. ಅಮೆರಿಕದಲ್ಲಿ ಇಂಥ ರಿಪೇರಿಗೆಂದೇ 'ಆರ್' ಮುದ್ರೆ ಇದೆ. 1919ರಲ್ಲಿ ಶುರುವಾದ, ಬಾಯ್ಲರ್ ಮತ್ತು ಪ್ರೆಷರ್ ಟ್ಯಾಂಕ್ ಇನ್‌ಸ್ಪೆಕ್ಟರುಗಳ ಸಂಸ್ಥೆಯಾದ ನ್ಯಾಷನಲ್ ಬೋರ್ಡ್ ಅದನ್ನು ಕೊಡುತ್ತದೆ. ಕೆಲವೊಮ್ಮೆ ಇಷ್ಟೆಲ್ಲಾ ಮಾಡಿಸುವುದಕ್ಕಿಂತ ಹೊಸ ಟ್ಯಾಂಕೇ ಅಗ್ಗ. ಆಗ ಯಜಮಾನರು ಮೂರನೇ ದಾರಿ ಹಿಡಿಯುತ್ತಾರೆ: ಎಂ-ಸೀಲ್.

ನಗಬಹುದು. ಆದರೆ ಈ ಕಾಗದಗಳು ಯಾರದೋ ತಲೆಯಲ್ಲಿ ಸುಮ್ನೆ ಹುಟ್ಟಿದವಲ್ಲ. 1905ರಲ್ಲಿ ಅಮೆರಿಕದ ಬ್ರಾಕ್‌ಟನ್ ಊರಿನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತ ಮೇಲೆ ಕಾನೂನು ಎಚ್ಚೆತ್ತುಕೊಂಡಿತು. ಅದಕ್ಕೂ ಮೊದಲು, 1865ರಲ್ಲಿ, ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಎಂಬ ಹಬೆ ದೋಣಿ. ಬಾಯ್ಲರ್ ಉಬ್ಬಿತ್ತು. ಸರಿಯಾಗಿ ರಿಪೇರಿ ಮಾಡಲು ಪುರುಸೊತ್ತಿರಲಿಲ್ಲ, ಯಾಕಂದರೆ ಯುದ್ಧ ಮುಗಿಸಿ ಮನೆಗೆ ಹೊರಟ ಸೈನಿಕರು ಕಾಯುತ್ತಿದ್ದರು, ತಲೆಗಿಷ್ಟು ಅಂತ ಬಾಡಿಗೆ ಸಿಗುತ್ತಿತ್ತು. ಮೂಲ ತಗಡಿಗಿಂತ ತೆಳುವಾದ ತೇಪೆ ಹಾಕಿ ಹೊರಟರು. 376 ಜನರ ದೋಣಿಗೆ 2,000ಕ್ಕೂ ಜಾಸ್ತಿ ಜನ. ಸಿಡಿಯಿತು. ಸತ್ತವರು ಸಾವಿರಕ್ಕೂ ಮೇಲೆ. ತೇಪೆಯೇ ಕಾರಣವೋ ಬೇರೆಯೋ ಎಂಬ ವಾದ ಇನ್ನೂ ನಡೆದಿದೆ. ಆತುರದ ಬಗ್ಗೆ ಯಾರಿಗೂ ವಾದವಿಲ್ಲ.

"ಅದು ಹಬೆ ಸ್ವಾಮಿ, ಇದು ಬರೀ ನೀರು" ಅನ್ನುತ್ತೀರಾ? ಪ್ರೆಷರ್ ಟ್ಯಾಂಕಿನಲ್ಲಿ ಬರೀ ನೀರಿರುವುದಿಲ್ಲ, ಒತ್ತಿಟ್ಟ ಗಾಳಿಯೂ ಇರುತ್ತದೆ. ನಲ್ಲಿ ತಿರುಗಿಸಿದರೆ ನೀರು ನುಗ್ಗುವುದು ಅದರ ಬಲದಿಂದಲೇ. ತಗಡು ಹರಿದರೆ ಸಿಡಿಸುವುದೂ ಅದೇ ಗಾಳಿ.

ನನಗೆ ಸಿಟ್ಟು ಬರುವುದು ನಿಯಮದ ಮೇಲಲ್ಲ. ತಗಡಿನ ದಪ್ಪ ಅಳೆಯಲು ಅಂಗೈಯಗಲದ ಮೀಟರ್ ಇದೆ. ಸ್ವಲ್ಪ ಜೆಲ್ ಹಚ್ಚಿ, ಮುಟ್ಟಿಸಿ, ಮಿಲಿಮೀಟರ್ ಓದಿಕೊಂಡರೆ ಆಯಿತು. ತುಕ್ಕು ಒಳಗಿಂದ ತಿನ್ನುತ್ತದೆ. ಒಂದು ತೂತು ಕಂಡಿತು ಅಂದರೆ ಸುತ್ತಲಿನ ತಗಡೂ ಸವೆದಿರುವ ಸಾಧ್ಯತೆ ಜಾಸ್ತಿ. ಆದರೂ ಫೈಲಿನಲ್ಲಿ ಸಹಿ ಇದೆಯಾ ಅಂತ ಮೂರು ಸಲ ನೋಡುವವರು ತಗಡು ಎಷ್ಟು ಉಳಿದಿದೆ ಅಂತ ಒಂದು ಸಲವೂ ನೋಡುವುದಿಲ್ಲ. ಸಾಕಾಗಿದೆ ರೀ.

ಒತ್ತಡದ ಪರೀಕ್ಷೆಯನ್ನೂ ನೀರಿನ ಬದಲು ಗಾಳಿ ತುಂಬಿಯೇ ಮುಗಿಸುವ ಮಹನೀಯರಿದ್ದಾರೆ. ನೆಲ ಒದ್ದೆಯಾಗುವುದಿಲ್ಲವಂತೆ. ನೀರು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಹಾಗಾಗಿ ಟ್ಯಾಂಕ್ ಬಿರಿದರೂ ಒತ್ತಡ ತಟ್ಟನೆ ಇಳಿದುಹೋಗುತ್ತದೆ. ಗಾಳಿ ಹಾಗಲ್ಲ, ತಗಡನ್ನೇ ಎತ್ತಿ ಎಸೆಯುತ್ತದೆ. ಆ ಪರೀಕ್ಷೆ ನಡೆಯುವಾಗ ಸಹಿ ಹಾಕುವವರು ದಯವಿಟ್ಟು ಟ್ಯಾಂಕಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಲಿ.