ಬೆಟ್ಟದ ಓಟಕ್ಕೆ ಒಂದು ಸೀಟಿ, ಒಂದು ಜರ್ಕಿನ್

"ಏನಣ್ಣಾ, ಮನೆಯನ್ನೇ ಹೊತ್ಕೊಂಡು ಓಡ್ತಿದ್ದೀರಾ?" ಎಂದು ಕೊಡಗಿನ ಕಕ್ಕಬ್ಬೆ ಬಳಿಯ ಕಾಫಿ ತೋಟವೊಂದರ ತಿರುವಿನಲ್ಲಿ ನೀರು ಹಂಚುತ್ತಿದ್ದ ಹುಡುಗ ಕೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮುಂದಿನ ಏರಿನುದ್ದಕ್ಕೂ ನನ್ನನ್ನು ಚುಚ್ಚುತ್ತಲೇ ಇತ್ತು. ನನ್ನ ಬೆನ್ನಿಗಿದ್ದದ್ದು ಒಂದು ಸಣ್ಣ ಚೀಲ. ಅದರೊಳಗೆ ಮಳೆಗೆ ತಡೆಯುವ ಜರ್ಕಿನ್, ಉಣ್ಣೆಯ ಟೋಪಿ, ಸೀಟಿ, ದಿಕ್ಸೂಚಿ, ಮಡಚಿದ ನಕ್ಷೆ ಮತ್ತು ಎರಡು ಕಡಲೆ ಚಿಕ್ಕಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನೆಲೆಸಿ, ಅಲ್ಲಿನ ಗುಡ್ಡಗಳಲ್ಲಿ ಹವ್ಯಾಸಕ್ಕೆಂದು ಓಡುವ ನನಗೆ ಇಷ್ಟನ್ನು ಕಟ್ಟಿಕೊಳ್ಳದೆ ಬೆಟ್ಟಕ್ಕೆ ಹೊರಡುವುದು ಈಗ ಸಾಧ್ಯವೇ ಆಗುವುದಿಲ್ಲ. ಸಂಕ್ರಮಣಕ್ಕೆಂದು ಸೋಮವಾರಪೇಟೆಯ ಮನೆಗೆ ಬಂದಿದ್ದವನು ಭಾವಮೈದುನನ ಒತ್ತಾಯಕ್ಕೆ ಈ 25 ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದೆ.

ವ್ಯವಸ್ಥೆಯಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನನ್ನ ತಕರಾರು ಇರುವುದೇ ಅದರ ಮೇಲೆ. ಕಾಫಿ ಗಿಡಗಳಿಗೆ ಹತ್ತಿಪ್ಪತ್ತು ಮಾರಿಗೊಂದರಂತೆ ಕೆಂಪು ರಿಬ್ಬನ್ ಕಟ್ಟಿದ್ದರು, ದಾರಿ ಕವಲೊಡೆದಲ್ಲೆಲ್ಲ ಸುಣ್ಣದ ಪುಡಿಯ ಬಾಣದ ಗುರುತು ಹಾಕಿ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದ್ದರು, ಸ್ವಲ್ಪ ದೂರಕ್ಕೊಮ್ಮೆ ಬಾಳೆಹಣ್ಣು, ಕಿತ್ತಳೆ, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಮತ್ತು ಗ್ಲೂಕೋಸ್ ನೀರು ಇಟ್ಟಿದ್ದರು. ಓಟಗಾರರನ್ನು ಅಲ್ಲಿ ಮದುವೆಗೆ ಬಂದ ಬೀಗರಂತೆ ನೋಡಿಕೊಂಡರು. ಕಾಲು ಎತ್ತಿಡುವುದೊಂದನ್ನು ಬಿಟ್ಟು ಬೇರಾವ ಹೊಣೆಯೂ ನಮಗಿರಲಿಲ್ಲ. ಅದಕ್ಕೇ ಇರಬೇಕು, ಹೆಚ್ಚಿನವರು ತೋಳಿಲ್ಲದ ಬನಿಯನ್ ತೊಟ್ಟು, ಕೈಯಲ್ಲೊಂದು ಮೊಬೈಲ್ ಹಿಡಿದು ಬಂದಿದ್ದರು. ಆ ಕಡೆಯ ಕಣಿವೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಎಷ್ಟು ಸಿಗುತ್ತದೆ ಎಂಬುದನ್ನು ಕೊಡಗಿನವರಿಗೆ ನಾನು ವಿವರಿಸಬೇಕಾಗಿಲ್ಲ.

ನಾನಿರುವ ಕಡೆ ಗುಡ್ಡದ ಓಟವೆಂದರೆ ಇದಕ್ಕೆ ತೀರ ವಿರುದ್ಧವಾದ ಸಂಗತಿ. ಕೆಲವೇ ಪೌಂಡ್ ಕೊಟ್ಟು ಹಳ್ಳಿಯ ಸಭಾಂಗಣದಲ್ಲಿ ಹೆಸರು ಬರೆಸಬೇಕು; ಟೀ ಶರ್ಟ್ ಇಲ್ಲ, ಪದಕವಿಲ್ಲ, ಹಸಿರು ನಿಶಾನೆ ತೋರಿಸಲು ಬರುವ ಮುಖ್ಯ ಅತಿಥಿಯೂ ಇಲ್ಲ. ಎಷ್ಟೋ ಓಟಗಳಲ್ಲಿ ದಾರಿಗೆ ಗುರುತನ್ನೇ ಹಾಕಿರುವುದಿಲ್ಲ. ಇಂತಿಂಥ ತಪಾಸಣಾ ಸ್ಥಳಗಳನ್ನು ಮುಟ್ಟಿ ಬನ್ನಿ ಎನ್ನುತ್ತಾರೆ, ನಡುವಿನ ಹಾದಿಯನ್ನು ಹುಡುಕಿಕೊಳ್ಳುವುದು ಓಟಗಾರನ ಪಾಡು. ಆದರೆ ಆರಂಭದ ಗೆರೆಯ ಬಳಿ ಚೀಲ ಬಿಚ್ಚಿಸಿ ನೋಡುವಾಗ ಮಾತ್ರ ಅವರಲ್ಲಿ ಯಾವ ದಾಕ್ಷಿಣ್ಯವೂ ಇರುವುದಿಲ್ಲ. ಜರ್ಕಿನ್ನಿಗೆ ತಲೆ ಮುಚ್ಚುವ ಟೋಪಿ ಇಲ್ಲವೆಂದು ಒಬ್ಬ ಮಧ್ಯವಯಸ್ಕ ಹೆಂಗಸನ್ನು ನನ್ನ ಕಣ್ಣೆದುರೇ ವಾಪಸು ಕಳುಹಿಸಿದರು. ಆಕೆ ಆ ಊರಿನವರೇ, ಸಂಘಟಕರಿಗೆ ಪರಿಚಿತರೇ, ಆದರೂ ಮರುಮಾತಾಡದೆ ಹೋಗಿ ಕಾರಿನಲ್ಲಿ ಕುಳಿತರು. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದಿದರೆ ಅದು ಅಪಾಯದ ಕೂಗು ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ನಡುವೆ ಓಟ ಬಿಟ್ಟವನು ಕುಂಟಿಕೊಂಡಾದರೂ ಬಂದು ಮುಕ್ತಾಯದ ಮೇಜಿನಲ್ಲಿ ತನ್ನ ಸಂಖ್ಯೆ ಹೇಳಲೇಬೇಕು, ಇಲ್ಲದಿದ್ದರೆ ಅವನನ್ನು ಹುಡುಕಿಕೊಂಡು ರಕ್ಷಣಾ ತಂಡ ಹೊರಡುತ್ತದೆ. ಆ ತಂಡದವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರಾದ್ದರಿಂದ ಅವರನ್ನು ಸುಮ್ಮನೆ ಬೆಟ್ಟ ಹತ್ತಿಸುವುದಕ್ಕಿಂತ ದೊಡ್ಡ ನಾಚಿಕೆಗೇಡು ಅಲ್ಲಿ ಇನ್ನೊಂದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಎಷ್ಟು ಎತ್ತರದ ಬೆಟ್ಟಕ್ಕೆ? ಶೆಫೀಲ್ಡಿನ ಹತ್ತಿರದ ಕಿಂಡರ್ ಸ್ಕೌಟ್ ಗುಡ್ಡ 636 ಮೀಟರ್. ಇಡೀ ಬ್ರಿಟನ್ನಿನಲ್ಲೇ ಎತ್ತರವಾದ ಬೆನ್ ನೆವಿಸ್ 1345 ಮೀಟರ್. ನಾವು ಬನಿಯನ್ ತೊಟ್ಟು ಓಡಿದ್ದು 1748 ಮೀಟರ್ ಎತ್ತರದ ತಡಿಯಂಡಮೋಳಿನ ಮಗ್ಗುಲಲ್ಲಿ. ನಮ್ಮಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಒದ್ದೆಯಾದ ಮೈಗೆ ಗಾಳಿ ಬಡಿದರೆ ಸಾಕು, ಹಿಮದ ಅಗತ್ಯವಿಲ್ಲ. 2021ರ ಮೇ ತಿಂಗಳಿನಲ್ಲಿ ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿಲೋಮೀಟರ್ ಓಟದಲ್ಲಿ ಆಲಿಕಲ್ಲು, ಮಳೆ, ಬಿರುಗಾಳಿ ಒಟ್ಟಿಗೆ ಬಂದು 21 ಮಂದಿ ಸತ್ತರು. ಅವರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ ಬಂದದ್ದನ್ನು ಕಂಡ ಜಿಲ್ಲೆಯಲ್ಲಿ ಮಳೆಯ ಬಗ್ಗೆ ಇಷ್ಟು ಸಲುಗೆ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ.

ಮಳೆ ಅಂದೂ ಬಂತು. ತೋಟ, ಅದಕ್ಕಂಟಿದ ಮರಗಾಡಿನ ಬಾಣೆ ದಾಟಿ ಬೋಳು ಹುಲ್ಲುಗುಡ್ಡದ ನೆತ್ತಿಗೆ ತಲುಪುವಷ್ಟರಲ್ಲಿ ಮಂಜು ಕವಿಯಿತು, ಗುಡುಗಿತು, ಐದೇ ನಿಮಿಷದಲ್ಲಿ ಮುಂದಿನ ರಿಬ್ಬನ್ ಕಾಣದಾಯಿತು. ಬೆಂಗಳೂರಿನಿಂದ ಬಂದಿದ್ದ ಯುವಕನೊಬ್ಬ ಬಂಡೆಯೊಂದರ ಮರೆಯಲ್ಲಿ ಹಲ್ಲು ಕಟಕಟಿಸುತ್ತ ಕುಳಿತಿದ್ದ. ಯಾವ ಕಡೆ ಇಳಿಯಬೇಕೆಂದು ಕೇಳಿದರೆ ಹಿಂದಕ್ಕೂ ಮುಂದಕ್ಕೂ ಕೈ ತೋರಿಸಿದ. ನನ್ನ ಉಣ್ಣೆ ಟೋಪಿ ಅವನ ತಲೆಗೆ ಹೋಯಿತು, ದಿಕ್ಸೂಚಿ ಹೊರಗೆ ಬಂತು, ಇಬ್ಬರೂ ನಿಧಾನವಾಗಿ ಕೆಳಗಿಳಿದೆವು. ಮುಕ್ತಾಯದ ಬಳಿ ಪದಕ ಹಾಕಲು ಬಂದವರನ್ನು "ಮೇಲೆ ಇನ್ನೂ ಎಷ್ಟು ಜನ ಇದ್ದಾರೆ?" ಎಂದು ಕೇಳಿದೆ. "ಬರ್ತಾರೆ ಬಿಡಿ ಸರ್, ಎಲ್ಲರೂ ಬರ್ತಾರೆ" ಎಂದರು. ಊರು ಬಿಟ್ಟು ಇಷ್ಟು ವರ್ಷವಾದ ಮೇಲೂ ನನ್ನ ಸಹನೆ ಕೆಡಿಸುವ ಶಕ್ತಿ ಇರುವುದು ಈ "ಬರ್ತಾರೆ ಬಿಡಿ"ಗೆ ಮಾತ್ರ.

ಬಂದರು, ಎಲ್ಲರೂ ಬಂದರು. ನಾನು ಕೇಳುವ ಮೊದಲೇ ತೋಟದ ಎರಡು ಜೀಪುಗಳು ಕಂಬಳಿ ಮತ್ತು ಬಿಸಿ ಕಾಫಿಯೊಂದಿಗೆ ಮೇಲೆ ಹೋಗಿದ್ದವು. ಲೈನ್ ಮನೆಗಳಲ್ಲಿರುವ ಕೆಲಸದವರು ಯಾವ ಅಡ್ಡದಾರಿ ಎಲ್ಲಿ ಸೇರುತ್ತದೆಂದು ಬಲ್ಲವರಾದ್ದರಿಂದ ದಾರಿ ತಪ್ಪಿದವರನ್ನು ಒಬ್ಬೊಬ್ಬರನ್ನಾಗಿ ಆರಿಸಿ ತಂದರು. ಇಂಗ್ಲೆಂಡಿನಲ್ಲಿ ಹಿಂದೆ ಬಿದ್ದ ಓಟಗಾರನನ್ನು "ಚೆನ್ನಾಗಿದ್ದೀಯಾ?" ಎಂದು ಕೇಳಿ, ಹೂಂ ಎಂದರೆ ಮುಂದೆ ಹೋಗಿಬಿಡುತ್ತಾರೆ, ಅದೂ ಒಂದು ಮರ್ಯಾದೆಯೇ, ಆದರೆ ನಡುಗುವವನ ಹೆಗಲಿಗೆ ಕಂಬಳಿ ಹೊದಿಸಿ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ತಟ್ಟೆಯನ್ನು ಕೈಗೆ ಕೊಡುವವರು ಅಲ್ಲಿ ನನಗೆ ಸಿಕ್ಕಿಲ್ಲ. ರಿಬ್ಬನ್ನಿನ ವಿಷಯದಲ್ಲೂ ಸ್ವಲ್ಪ ಇಳಿದು ಮಾತಾಡಬೇಕು. ಕಿಂಡರ್ ಸ್ಕೌಟಿನಲ್ಲಿ 1932ರಲ್ಲಿ ನೂರಾರು ಜನ ಬೇಲಿ ಲೆಕ್ಕಿಸದೆ ಗುಡ್ಡ ಹತ್ತಿದರು, ಅಂಥ ಬಯಲುಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದೆಂಬ ಕಾನೂನು 2000ದಲ್ಲಿ ಬಂತು. ಅಲ್ಲಿ ದಾರಿಯನ್ನು ನಾವೇ ಆರಿಸಿಕೊಳ್ಳಬಹುದು. ಇಲ್ಲಿ ಒಂದು ತೋಟ ಮುಗಿದರೆ ಇನ್ನೊಬ್ಬರ ತೋಟ, ಅದರಾಚೆ ಸೋಲಾರ್ ಬೇಲಿ, ಅದರಾಚೆ ಅರಣ್ಯ ಇಲಾಖೆಯ ಕಾಡು, ಮತ್ತು ಹಿಂದಿನ ರಾತ್ರಿ ಆನೆ ಎಲ್ಲಿ ಮಲಗಿತ್ತು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಆ ದಿನ ಬೆಳಿಗ್ಗೆ ಒಂದು ಕಡೆ ರಿಬ್ಬನ್ ಬಿಚ್ಚಿ ಬೇರೆ ಕಡೆ ಕಟ್ಟಿದ್ದರಂತೆ, ಹಸಿ ಲದ್ದಿ ಕಂಡಿತೆಂದು. ದಿಕ್ಸೂಚಿ ಹಿಡಿದು ನನ್ನಿಷ್ಟದ ದಾರಿಯಲ್ಲಿ ನುಗ್ಗಿದ್ದರೆ ಏನಾಗುತ್ತಿತ್ತೋ, ಭಾವಮೈದುನ ಅದನ್ನು ಮನೆಯಲ್ಲಿ ಎಲ್ಲರೆದುರು ಎರಡೆರಡು ಸಲ ಹೇಳಿದ.

ಹಾಗಾಗಿ ನಕ್ಷೆ, ದಿಕ್ಸೂಚಿಗಳನ್ನು ನಾನು ಬಿಟ್ಟುಕೊಡುತ್ತೇನೆ; ಜರ್ಕಿನ್ ಮತ್ತು ಸೀಟಿಯನ್ನು ಬಿಡುವುದಿಲ್ಲ, ಹೊರಟವರ ಮತ್ತು ಬಂದವರ ಲೆಕ್ಕವನ್ನಂತೂ ಬಿಡುವುದೇ ಇಲ್ಲ. ಟೀ ಶರ್ಟಿನ ಅಳತೆಯನ್ನು ಅಷ್ಟು ಕಾಳಜಿಯಿಂದ ಕೇಳುವ ಅರ್ಜಿಯಲ್ಲಿ ಇವೆರಡಕ್ಕೂ ಒಂದೊಂದು ಸಾಲು ಸೇರಿಸಿ, ತರದವರನ್ನು ಗೆರೆಯಿಂದಲೇ ವಾಪಸು ಕಳುಹಿಸಿ ಎಂದು ಸಂಘಟಕರಿಗೆ ಪತ್ರ ಬರೆದಿದ್ದೇನೆ. "ನೋಡೋಣ ಸರ್, ಮುಂದಿನ ಸಲವೂ ಬನ್ನಿ" ಎಂಬ ಉತ್ತರ ಬಂದಿದೆ.